ಸುಣ್ಣದ ಜಾಮೀನು

"ನಿಮ್ಮ ತಾತನವರು ಬೆಳಿಗ್ಗೆ ಎದ್ದರೆ ಮೊದಲು ಮೀಸೆ ತಿರುವುತ್ತಿದ್ದರು, ಆಮೇಲೆ ನನ್ನನ್ನು ಕರೆಸುತ್ತಿದ್ದರು. ನಾನು 'ಹೂಂ' ಅನ್ನದೆ ಈ ರಾಜ್ಯದಲ್ಲಿ ಕೋಳಿಯೂ ಕೂಗುತ್ತಿರಲಿಲ್ಲ ದೊರೆ!"

ಹುಲಿಕುಂಟೆಯ ಆಸ್ಥಾನದಲ್ಲಿ ಮುದಿ ಓಬಳಯ್ಯ ಹೀಗೆ ಕೊಚ್ಚಿಕೊಂಡರೆ ಯಾರೂ ಬಾಯಿ ಹಾಕುತ್ತಿರಲಿಲ್ಲ. ಹಾಕುವುದಾದರೂ ಹೇಗೆ? ಆ ಕಾಲದವರಲ್ಲಿ ಉಳಿದಿದ್ದವನು ಅವನೊಬ್ಬನೇ. ಅಕ್ಷರ ಕಲಿತವನಲ್ಲ, ಆದರೆ ಅವನ ನಾಲಗೆಗೆ ಒಂದು ದಿನವೂ ರಜೆ ಇರಲಿಲ್ಲ.

ಆವತ್ತು ಬುಟ್ಟಿ ಹೆಣೆಯುವ ಚೌಡವ್ವ ಬಂದು ದೊರೆ ಬೊಮ್ಮನಾಯಕನ ಮುಂದೆ ಕೈ ಮುಗಿದಳು.

"ಬುದ್ದೀ, ಮಗಳಿಗೆ ದಿನ ತುಂಬೈತೆ. ಛತ್ರದ ಜಗಲಿ ಮೇಲೆ ಮಲಗಿದ್ದೀವಿ, ನಾಳೆ ಜಾಗ ಬಿಡಿ ಅಂದವ್ರೆ. ಸಾವ್ಕಾರ್ರ ವಠಾರದಾಗೆ ಮೂಲೆಮನೆ ಖಾಲಿ ಐತೆ. ತಿಂಗಳ ಬಾಡಿಗೆ ತಪ್ಪಿಸಾಕಿಲ್ಲ. ಆದ್ರೆ ವರ್ಷದ ಬಾಡಿಗೆ ಮುಂಗಡ ಇಡು ಅಂತಾರೆ. ಎಲ್ಲಿಂದ ತರ್ಲಿ? ಮಗಳು ಬೀದೀಲಿ ಹೆರಬೇಕಾ?"

ವಠಾರದ ಒಡೆಯ ಸಾಹುಕಾರ ಮರುಳಪ್ಪ ಅಲ್ಲೇ ಇದ್ದ. ಬಾಯಿ ತುಂಬ ಎಲೆಯಡಿಕೆ.

"ಪ್ರಭು, ಇಂಥವರಿಗೆ ಮನೆ ಕೊಟ್ಟರೆ ಗೋಡೆಗೆ ಮೊಳೆ ಹೊಡೀತಾರೆ, ನೆಲ ಕೆದರುತ್ತಾರೆ, ಒಂದು ದಿನ ಹೇಳದೆ ಕೇಳದೆ ಗಂಟು ಕಟ್ಟುತ್ತಾರೆ. ಮುಂಗಡ ಇಲ್ಲದಿದ್ದರೆ ನಾನು ಯಾರ ಜುಟ್ಟು ಹಿಡೀಲಿ?"

ದೊರೆ ಕೈ ಚೆಲ್ಲಿದ. "ಮನೆ ಅವರದು. ನಾವೇನು ಮಾಡೋಣ, ಓಬಳಯ್ಯ?"

"ತಾತನವರು ಮಾಡಿದ್ದನ್ನೇ ಮಾಡಿ."

"ಏನು ಮಾಡಿದ್ದರು?"

"ಜಾಮೀನು ನಿಂತಿದ್ದರು! ಮುಂಗಡ ಇಡಲಾಗದ ಬಡವರಿಗೆಲ್ಲ ಅರಮನೆಯೇ ಜಾಮೀನು. ಬಾಡಿಗೆದಾರ ಮನೆ ಹಾಳು ಮಾಡಿ ಓಡಿಹೋದರೆ ಖಜಾನೆಯಿಂದ ಕಟ್ಟಿಕೊಡೋದು. ಹಾಳಾಗಿರೋದು ನಿಜವೋ ಸುಳ್ಳೋ ಅಂತ ನೋಡಿ ಬರೋಕೆ ಮಾತ್ರ ಒಬ್ಬ ಗಟ್ಟಿ ಮನುಷ್ಯ ಬೇಕಾಗಿತ್ತು. ಆ ಗಟ್ಟಿ ಮನುಷ್ಯ ನಾನೇ."

"ಇದನ್ನು ಕಂಡವರು ಯಾರಿದ್ದಾರೆ?" ಎಂದು ಮರುಳಪ್ಪ ಗುರ್‍ರೆಂದ.

ಓಬಳಯ್ಯ ಸಭೆಯ ಕಡೆ ತಿರುಗಿದ. "ತಾತನವರ ಕಾಲ ಕಂಡವರು ಇದ್ದರೆ ಎದ್ದು ಸುಳ್ಳು ಅನ್ನಿ!"

ಯಾರು ಏಳಬೇಕು?

ತಾತನ ಹೆಸರು ಕೇಳಿ ದೊರೆ ಉಬ್ಬಿಹೋಗಿದ್ದ. "ಆಗಲಿ, ನಾವೂ ನಿಲ್ಲುತ್ತೇವೆ" ಎಂದುಬಿಟ್ಟ.

ಖಜಾನೆಯ ಹಣ ಎಂದ ಕೂಡಲೇ ಮರುಳಪ್ಪನ ಮುಖವೂ ಅರಳಿತು. "ಹಾಗಾದರೆ ಸರಿ ಪ್ರಭು. ಸುಣ್ಣದ ದುಡ್ಡನ್ನೂ ಖಜಾನೆಯೇ ಕೊಡಬೇಕಾಗುತ್ತೆ. ಯಾರೇ ಮನೆ ಬಿಟ್ಟರೂ ಗೋಡೆಗೆ ಸುಣ್ಣ ಹೊಡೆಸೋಕೆ ಅಂತ ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಮುರ್ಕೋತೀನಿ."

"ನ್ಯಾಯವೇ" ಎಂದ ಓಬಳಯ್ಯ, ಹಸುವಿನಂಥ ಮುಖ ಮಾಡಿಕೊಂಡು. "ಆ ಮೂಲೆಮನೆಗೆ ಇದುವರೆಗೆ ಎಷ್ಟು ಜನ ಬಂದು ಹೋಗಿರಬಹುದು?"

"ಇಪ್ಪತ್ತು ಸಂಸಾರಕ್ಕೆ ಕಮ್ಮಿ ಇಲ್ಲ!"

"ಪ್ರತಿ ಸಲವೂ ಸುಣ್ಣ ಹೊಡೆಸಿದ್ದೀರಿ?"

"ದೇವರಾಣೆ! ಒಂದು ಸಲವೂ ತಪ್ಪಿಸಿಲ್ಲ."

"ಅಯ್ಯಯ್ಯೋ, ಗಂಡಾಂತರ!" ಓಬಳಯ್ಯ ಎದೆ ಹಿಡಿದುಕೊಂಡ. "ತಾತನವರ ಕಾಲದಲ್ಲಿ ಒಬ್ಬ ಹೀಗೇ ಸುಣ್ಣ ಹೊಡೆಸಿ ಹೊಡೆಸಿ ಗೋಡೆ ದಪ್ಪವಾಗುತ್ತಾ ಬಂದು, ಕೊನೆಗೆ ಮನೆಯೊಳಗೇ ಸಿಕ್ಕಿಕೊಂಡಿದ್ದ. ನಾನೇ ಕಾಲು ಹಿಡಿದು ಎಳೆದು ತೆಗೆದೆ. ದೊರೆ, ಬಸುರಿ ಹೆಂಗಸು ಆ ಮನೆಯಲ್ಲಿ ಹಿಡಿಸುತ್ತಾಳೋ ಇಲ್ಲವೋ, ನೋಡಿಕೊಂಡು ಬರೋಣ ನಡೆಯಿರಿ."

ದೊರೆ ನಗುತ್ತ ಎದ್ದ. ಸಭೆಗೆ ಸಭೆಯೇ ವಠಾರಕ್ಕೆ ಹೊರಟಿತು. ಮರುಳಪ್ಪ ಮಾತ್ರ ಯಾಕೋ ಹಿಂದೆ ಹಿಂದೆ ಉಳಿಯುತ್ತಿದ್ದ.

ಮೂಲೆಮನೆಯೊಳಗೆ ಓಬಳಯ್ಯ ಹೆಬ್ಬೆರಳಿನ ಉಗುರಿನಿಂದ ಗೋಡೆ ಕೆರೆದ. ಮಣ್ಣು ಉದುರಿತು. ಇನ್ನೊಂದು ಕಡೆ ಕೆರೆದ. ಅಲ್ಲೂ ಮಣ್ಣು.

"ಇಪ್ಪತ್ತು ಸಲ ಹೊಡೆದ ಸುಣ್ಣ ಈರುಳ್ಳಿ ಸಿಪ್ಪೆ ಹಾಗೆ ಪದರ ಪದರ ಏಳಬೇಕಲ್ಲ, ಸಾಹುಕಾರರೇ? ನಿಮ್ಮ ತುಟಿ ಮೇಲೆ ಇರೋವಷ್ಟು ಸುಣ್ಣವೂ ಇಲ್ಲಿಲ್ಲ."

ಮರುಳಪ್ಪ ತುಟಿ ಒರೆಸಿಕೊಂಡ. "ಅದು... ಬಾಡಿಗೆದಾರರು ಪ್ರಭು! ಹಗಲೂ ರಾತ್ರಿ ಗೋಡೆಗೆ ಒರಗಿ ಕೂತು ಪೂರ್ತಿ ಸವೆಸಿಬಿಟ್ಟರು. ಅದಕ್ಕೇ ನಾನು ಇವರಿಗೆ ಮನೆ ಕೊಡಲ್ಲ ಅನ್ನೋದು!"

ಚೌಡವ್ವ ದಿಗಿಲುಬಿದ್ದು ಓಬಳಯ್ಯನ ಮುಖ ನೋಡಿದಳು. ಓಬಳಯ್ಯ ಕತ್ತೆತ್ತಿ ಸೂರು ನೋಡುತ್ತಿದ್ದ. ತೊಲೆಯ ಕೆಳಗೆ, ಏಣಿ ಇಲ್ಲದೆ ಕೈಗೆಟುಕದ ಕಡೆ, ಅದೇ ಬರಿ ಮಣ್ಣು. ಅಲ್ಲೊಂದು ಹಲ್ಲಿ ನಿಶ್ಚಿಂತೆಯಿಂದ ಅಂಟಿಕೊಂಡಿತ್ತು.

"ನಿಜ ದೊರೆ, ಸಾಹುಕಾರರ ಮಾತು ನಿಜ. ಒರಗಿ ಒರಗಿಯೇ ಸವೆಸಿದ್ದಾರೆ. ಆದರೆ ಅಷ್ಟು ಮೇಲೆ ಒರಗೋದು ಆ ಹಲ್ಲಿಗೆ ಮಾತ್ರ ಸಾಧ್ಯ. ಮುಂಗಡವನ್ನು ಅದರ ಹತ್ತಿರ ಕೇಳಲಿ. ಚೌಡವ್ವನ್ನ ಬಿಟ್ಟುಬಿಡಲಿ!"

ದೊರೆ ನಕ್ಕ ನಗೆಗೆ ಹಲ್ಲಿ ಬೆದರಿ ಮಾಡು ಸೇರಿತು.

"ಓಬಳಯ್ಯ, ಜಾಮೀನಿನ ಹಣವನ್ನು ಖಜಾನೆಯಲ್ಲಿ ಯಾವ ಲೆಕ್ಕದಿಂದ ತೆಗೆದಿಡೋಣ?"

"ಖಜಾನೆ ಯಾಕೆ ದೊರೆ? ಇಪ್ಪತ್ತು ಸಂಸಾರದ ಸುಣ್ಣದ ದುಡ್ಡು ಸಾಹುಕಾರರ ಪೆಟ್ಟಿಗೆಯಲ್ಲಿ ಒಂದು ಕಾಸೂ ಖರ್ಚಾಗದೆ ಹಾಗೇ ಇದೆ. ಅದನ್ನು ಅರಮನೆಗೆ ತರಿಸಿ. ಬಡವರ ಜಾಮೀನಿಗೆ ಬಡವರದೇ ಹಣ."

ಹಾಗೇ ಆಯಿತು. ಸಂಜೆಯೊಳಗೆ ಗೋಡೆಗೆ ಸುಣ್ಣ ಬಿತ್ತು, ಹೊಡೆದವನು ಸ್ವತಃ ಮರುಳಪ್ಪ. ಮಾರನೆಯ ಬೆಳಿಗ್ಗೆ ಚೌಡವ್ವ ಅಲ್ಲಿ ಹಾಲು ಉಕ್ಕಿಸಿದಳು. ಆ ವಾರವೇ ಮಗಳು ಅಲ್ಲೇ ಹೆತ್ತಳು.

ದೊರೆ ಓಬಳಯ್ಯನಿಗೆ ತನ್ನ ಜರಿಶಾಲನ್ನೇ ಹೊದಿಸಿದ. ಹೊದಿಸುತ್ತ ಕಿವಿಯ ಹತ್ತಿರ ಬಾಗಿದ.

"ಒಂದು ಮಾತು. ಈ ಪೇಟೆ ಕಟ್ಟಿಸಿದ್ದು ನಮ್ಮ ತಂದೆ. ತಾತನ ಕಾಲದಲ್ಲಿ ಇಲ್ಲಿ ಇದ್ದಿದ್ದು ಬರೀ ಜಾಲಿಕಾಡು. ಬಾಡಿಗೆ ಮನೆಯೇ ಇಲ್ಲದ ಕಡೆ ನಮ್ಮ ತಾತ ಯಾರಿಗೆ ಜಾಮೀನು ನಿಂತರು?"

ಓಬಳಯ್ಯ ಕೈ ಕೊಡವಿ ಶಾಲನ್ನು ಬಿಗಿಯಾಗಿ ಸುತ್ತಿಕೊಂಡ, ದೊರೆ ವಾಪಸ್ಸು ಕೇಳಿಬಿಟ್ಟಾನೆಂಬಂತೆ.

"ಹೋಗಲಿ ಬಿಡಿ ದೊರೆ. ನಾಳೆ ನಿಮ್ಮ ಮೊಮ್ಮಗನ ಆಸ್ಥಾನದಲ್ಲಿ ಯಾವನಾದರೂ ಮುದುಕ ಇದನ್ನೇ ಹೇಳಿದರೆ, ಆಗ ಸುಳ್ಳಾಗಲ್ಲವಲ್ಲ."