ಸೋರೆಬುರುಡೆಯ ಉಪಕಾರ

"ಬುದ್ಧೀ, ದಣಿವೇ ಆಗದಂತೆ ಮಾಡುವಂಥದ್ದು ಏನಾದರೂ ಇದೆಯೇ?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ. ಓದು ಬೇಗ ಮುಗಿಸುವ ಹಟಕ್ಕೆ ಅವನು ಮೂರು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಕೈಯಲ್ಲಿ ನಾಲ್ಕನೆಯ ಲೋಟ ಕಾಫಿ ನಡುಗುತ್ತಿತ್ತು.

ಗುರುಗಳು ಲೋಟ ನೋಡಿದರು. "ಇದೆ. ಕಡಲಾಚೆಯ ದೇಶದಲ್ಲಿ ಒಂದು ಎಲೆ. ಒಣಗಿಸಿ, ಪುಡಿ ಮಾಡಿ, ಸೋರೆಬುರುಡೆಗೆ ತುಂಬಿ, ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರುತ್ತಾರೆ. ಕುಗ್ಗಿದವರು ಎದ್ದು ಕೂರುತ್ತಾರೆ. ಅದರ ಹೆಸರು ಮಾತೆ. ಹೆಸರಿಗೆ ತಕ್ಕ ಹಾಗೆ, ಸಾಕು ಅನ್ನುವವರೆಗೂ ಬಡಿಸುವುದು ನಿಲ್ಲುವುದಿಲ್ಲ."

ಮುರಿಗೆಯ್ಯ ನಕ್ಕ. ಗುರುಗಳು ಕತೆ ಹೇಳಿದರು.

ಅಲ್ಲಿಗೆ ಹೋದ ಒಬ್ಬ ವ್ಯಾಪಾರಿ ಉಪ್ಪಿನ ಮೂಟೆ ಹೇರಿಕೊಂಡು ಘಟ್ಟ ಹತ್ತಲು ಹೊರಟಿದ್ದ. ಅವನಿಗಿದ್ದದ್ದು ಒಂದೇ ಹೇಸರಗತ್ತೆ. ಘಟ್ಟದ ಬುಡದಲ್ಲಿ ದನಗಾಹಿಗಳು ಅವನನ್ನು ಕರೆದು ಕೂರಿಸಿಕೊಂಡರು. ಎಲ್ಲರಿಗೂ ಒಂದೇ ಬುರುಡೆ. ಒಬ್ಬ ಮುದುಕ ಅದನ್ನು ತುಂಬಿ ತುಂಬಿ ಕೊಡುತ್ತಿದ್ದ. ಕುಡಿದವರು ಸುಮ್ಮನೆ ಮರಳಿಸಿದರೆ ಮುಂದಿನ ಸುತ್ತಿನಲ್ಲೂ ಸಿಗುತ್ತದೆ. 'ಉಪಕಾರವಾಯಿತು' ಅಂದರೆ, ಸಾಕು ಎಂದೇ ಅರ್ಥ. ಎರಡು ಮೂರು ಸುತ್ತಿಗೆ ಎಲ್ಲರೂ ಆ ಮಾತು ಹೇಳಿ ನೆರಳಿನಲ್ಲಿ ಅಡ್ಡಾದರು. ವ್ಯಾಪಾರಿ ಹೇಳಲೇ ಇಲ್ಲ. ಎಂಟು ಬುರುಡೆ ಹೀರಿದ. ದಣಿವು ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

"ಬಿಸಿಲು ಇಳಿಯಲಿ, ಕೂತುಕೋ ಮಾರಾಯ," ಎಂದ ಮುದುಕ.

"ನಿಮ್ಮ ಹಾಗೆ ಉರುಳಿಕೊಂಡರೆ ಘಟ್ಟ ತಾನಾಗಿ ಇಳಿದು ಬರುತ್ತದೆಯೇ?" ಎಂದು ವ್ಯಾಪಾರಿ ಹಗ್ಗ ಹಿಡಿದು ಹೊರಟ.

ಅರ್ಧ ಘಟ್ಟದಲ್ಲಿ ಹೇಸರಗತ್ತೆ ಮಂಡಿಯೂರಿತು. ಎಳೆದ, ಬೈದ, ಕೋಲು ಎತ್ತಿದ. ಅದು ಕಣ್ಣು ಮುಚ್ಚಿಬಿಟ್ಟಿತು. ಎತ್ತಿದ ಕೋಲು ಹಾಗೇ ನಿಂತಿತು. ಅಷ್ಟರಲ್ಲಿ ಹಿಂದೆಯೇ ಹತ್ತಿ ಬಂದಿದ್ದ ಮುದುಕ ನೀರಿನ ಚೀಲ ಮುಂದೆ ಹಿಡಿದ.

"ಎಲೆ ಕುಡಿದದ್ದು ನೀನಪ್ಪ," ಎಂದ. "ಅದಲ್ಲ."

ವ್ಯಾಪಾರಿ ಮೂಟೆ ಇಳಿಸಿದ. ನೀರು ಕುಡಿಸಿದ. ಕತ್ತು ಸವರುತ್ತ ಕೂತ. ಸಂಜೆಗೆ ಅದು ಎದ್ದು ನಿಂತಾಗ, ಎಂಟು ಬುರುಡೆ ಕುಡಿದರೂ ಬಾಯಿಂದ ಬಾರದಿದ್ದ ಆ ಮಾತನ್ನು ಅದರ ಕಿವಿಯಲ್ಲಿ ಹೇಳಿದ. ಆ ದಿನ ಮತ್ತೆ ಹೊರೆ ಹೇರಲಿಲ್ಲ.

"ಹೇಸರಗತ್ತೆಗೆ ಅದು ಅರ್ಥವಾಯಿತೇ, ಬುದ್ಧೀ?" ಎಂದ ಮುರಿಗೆಯ್ಯ.

ಗುರುಗಳು ನಡುಗುತ್ತಿದ್ದ ಲೋಟವನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡರು.

"ನಿನ್ನ ಮೈಯೆಂಬ ಹೇಸರಗತ್ತೆಯನ್ನೇ ಕೇಳು, ಅದು ಮಲಗಿ ಎದ್ದ ಮೇಲೆ."

ಮುರಿಗೆಯ್ಯ ತನ್ನ ಕೈಗಳನ್ನು ನೋಡಿಕೊಂಡ. ಎದ್ದು ಚಾಪೆ ಹಾಸಿಕೊಂಡ.