ಕ್ಲಚ್ ಪೆಡಲಿನ ಕಾವಲುಗಾರ

ಹೊನ್ನಗುಡ್ಡದ ದೊರೆ ವೀರಕೇತು ಊರೂರಲ್ಲಿ ಡಂಗುರ ಹೊಡೆಸಿದ: "ಕೇಳಿರಪ್ಪೋ ಕೇಳಿ! ದೊರೆಗಳ ಕಾರು ಸ್ಟಾರ್ಟ್ ಆಗದೆ ನಿಂತಿದೆ. ಅದರ ಮೇಲೆ ಮೂರು ಒಗಟು. ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರಿಗೆ ತಲೆದಂಡ!"

ಆಸೆ ಯಾರನ್ನು ಬಿಟ್ಟೀತು? ಸಾಮಂತನ ಮಗ ಬಾನೆಟ್ ಎತ್ತಿ, "ಬ್ಯಾಟರಿ ಸತ್ತಿದೆ" ಎಂದ. ಆಸ್ಥಾನದ ಮೇಸ್ತ್ರಿ ಪೆಟ್ರೋಲ್ ಪೈಪನ್ನು ದೂರಿದ. ಲಾರಿ ಡ್ರೈವರ್ ಕರಿಯಣ್ಣ, "ಸ್ಟಾರ್ಟರ್ ಮೋಟಾರು ಸುಟ್ಟಿದೆ" ಎಂದ. ಮೂವರೂ ಸೆರೆಮನೆ ಸೇರಿದರು. ಅಮಾವಾಸ್ಯೆಗೆ ಕತ್ತಿ.

ಕರಿಯಣ್ಣನ ತಮ್ಮ ದ್ಯಾವ ಅದೇ ಲಾರಿಯ ಕ್ಲೀನರ್. ಹೆತ್ತವರಿಲ್ಲದ ಅವನಿಗೆ ಅಣ್ಣನೇ ಎಲ್ಲ. ಸುದ್ದಿ ಕೇಳಿದ್ದೇ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಅರಮನೆಗೆ ಓಡಿದ.

ದೊರೆ ಮೊದಲ ಒಗಟು ಒಡ್ಡಿದ. "ಲೈಟು ಉರಿಯುತ್ತದೆ, ಹಾರ್ನ್ ಕೂಗುತ್ತದೆ. ಕ್ಲಚ್ ತುಳಿದು ಕೀಲಿ ತಿರುಗಿಸಿದರೆ ಮಾತ್ರ ಇಂಜಿನ್ ಕಮಕ್ ಕಿಮಕ್ ಅನ್ನುವುದಿಲ್ಲ. ಅದನ್ನು ತಡೆದು ನಿಂತ ಕಾವಲುಗಾರ ಯಾರು?"

ದೊರೆ ಕಾಲಿಡುವ ಜಾಗಕ್ಕೆ ಕತ್ತು ಹಾಕುವುದು ಆ ಅರಮನೆಯಲ್ಲಿ ಕಸ ಗುಡಿಸುವವರ ಕೆಲಸ. ಹಾಗಾಗಿ ದೊಡ್ಡವರೆಲ್ಲ ಬಾನೆಟ್ಟಿನೊಳಗಷ್ಟೇ ಇಣುಕಿದ್ದರು. ಅವರೆದುರು ಮರ್ಯಾದೆ ಹೋದೀತೆಂದು ಪಾಪ ಕರಿಯಣ್ಣನೂ ಅಷ್ಟೇ ಮಾಡಿದ್ದ. ದ್ಯಾವನಿಗೆ ಆ ಬಿಗುಮಾನವೆಲ್ಲಿ? ಅಂಗಾತ ಮಲಗಿ ಪೆಡಲ್ ಬುಡಕ್ಕೆ ತಲೆ ತೂರಿಸಿ, ಕೈಯಿಂದ ಒತ್ತಿ ಕಿವಿಗೊಟ್ಟ. ಅಲ್ಲೊಂದು ಪುಟ್ಟ ಸ್ವಿಚ್ಚಿತ್ತು. ಪೆಡಲ್ ಒತ್ತಿದಾಗ ಅದು ಟಿಕ್ ಅನ್ನಬೇಕು. ಅನ್ನಲಿಲ್ಲ.

"ಈ ಸ್ವಿಚ್ಚೇ ಬುದ್ಧಿ. ಕ್ಲಚ್ ತುಳಿದವ್ರೆ ಅಂತ ಇದು ಹೇಳಿದ್ರೇನೇ ಸ್ಟಾರ್ಟರ್ ತಿರುಗೋದು. ಇದು ಬಾಯೇ ಬಿಡ್ತಿಲ್ಲ."

"ಬಾಯಿ ಬಿಡದವನ ತಪ್ಪನ್ನು ಯಾರ ಬಾಯಿಂದ ಹೇಳಿಸುತ್ತೀ?" ಇದು ದೊರೆಯ ಎರಡನೆಯ ಒಗಟು.

ದ್ಯಾವ ಗೇರನ್ನು ನ್ಯೂಟ್ರಲ್ಲಿಗೆ ತಂದ. ಸ್ವಿಚ್ಚು ಬಿಚ್ಚಿ, ಅದಕ್ಕೆ ಬರುವ ಎರಡು ವೈರುಗಳನ್ನು ತಂತಿಯಿಂದ ಸೇರಿಸಿ ಕೀಲಿ ತಿರುಗಿಸಿದ. ಕಾರು ಗುರ್ರೆಂದಿತು.

"ಇಂಜಿನ್ ಬಾಯಿಂದ, ಬುದ್ಧಿ!"

ಸಭೆಯೆಲ್ಲ ಚಪ್ಪಾಳೆ. ದೊರೆ ಮಾತ್ರ ನಗಲಿಲ್ಲ. "ಮೂರನೆಯದು. ಗಾಡಿ ಸ್ಟಾರ್ಟ್ ಆಯಿತು. ಕೆಲಸ ಮುಗಿಯಿತೋ, ಇಲ್ಲವೋ?"

ಮುಗಿಯಿತು ಎಂದರೆ ದ್ಯಾವನ ಅಣ್ಣ ಉಳಿದಾನು. ಇಲ್ಲವೆಂದರೆ, ಸೋತೆನೆಂದು ತಾನೇ ಒಪ್ಪಿಕೊಂಡಂತೆ. ಅವನು ಕಾರು ಆರಿಸಿದ. ತಂತಿ ಕಿತ್ತು ಕೈಯಲ್ಲಿ ಹಿಡಿದ. ಕಣ್ಣಲ್ಲಿ ನೀರಿತ್ತು.

"ಮುಗಿದಿಲ್ಲ ಬುದ್ಧಿ. ಇದು ಪರೀಕ್ಷೆಗೆ ಮಾತ್ರ. ಹಿಂಗೇ ಬಿಟ್ರೆ, ಗೇರಲ್ಲಿದ್ದಾಗ ಯಾರಾದ್ರೂ ಕ್ಲಚ್ ತುಳೀದೆ ಕೀಲಿ ತಿರುಗಿಸಿದ್ರೆ ಗಾಡಿ ಮುಂದಿದ್ದವರ ಮೇಲೆ ಹಾರ್ತದೆ. ಹೊಸ ಸ್ವಿಚ್ಚು ಹಾಕೋವರೆಗೂ ಗಾಡಿ ಇಲ್ಲೇ ನಿಲ್ಲಲಿ."

ದೊರೆ ಆ ತಂತಿಯನ್ನು ತನ್ನ ಕೈಗೆ ತೆಗೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಹಿಂದೊಬ್ಬ ಮೇಸ್ತ್ರಿ ಇದೇ ಕಾರಿಗೆ ಹೀಗೇ ತಂತಿ ಕಟ್ಟಿ, ಸರಿಹೋಯಿತು ಎಂದು ಉಂಬಳಿ ಪಡೆದು ಹೋದ. ಮರುದಿನ ನಾನೇ ಗೇರು ನೋಡದೆ ಕೀಲಿ ತಿರುಗಿಸಿದೆ. ಗಾಜು ಒರೆಸುತ್ತ ಮುಂದೆ ನಿಂತಿದ್ದ ನನ್ನ ಡ್ರೈವರ್ ಉಳಿಯಲಿಲ್ಲ. ಅಂದಿನಿಂದ, ಮುಗಿದಿಲ್ಲ ಎನ್ನುವ ಒಬ್ಬನಿಗಾಗಿ ಕಾಯುತ್ತಿದ್ದೆ. ಏನು ಬೇಕು, ಕೇಳು."

"ನಮ್ಮಣ್ಣ ಬೇಕು. ಅವನ ಜೊತೆಗಿರೋ ಇಬ್ಬರನ್ನೂ ಬಿಟ್ಟುಬಿಡಿ ಬುದ್ಧಿ. ಅವರಿಗೂ ಮನೇಲಿ ಕಾಯೋರು ಇರ್ತಾರೆ."

ದೊರೆ ಮೂವರನ್ನೂ ಬಿಡಿಸಿದ. ಅರಮನೆಯ ಗಾಡಿಗಳನ್ನೆಲ್ಲ ದ್ಯಾವನ ವಶಕ್ಕೆ ಕೊಟ್ಟ. ಹೊರಗೆ ಬಂದ ಕರಿಯಣ್ಣ ತಮ್ಮನನ್ನು ತಬ್ಬಿಕೊಂಡು ಎಳೆಮಗುವಿನಂತೆ ಅತ್ತ.

ಈಗ ಹೊನ್ನಗುಡ್ಡದಲ್ಲಿ ದೊರೆಯೂ ಗೇರು ಮುಟ್ಟಿ ನೋಡದೆ ಕೀಲಿ ತಿರುಗಿಸುವುದಿಲ್ಲ. ಅವರು ಅಲ್ಲಿ ಸುಖವಾಗಿರಲಿ, ನಾವು ಇಲ್ಲಿ ಗೇರು ನೋಡಿಕೊಂಡು ಹೊರಡೋಣ.