ಎಳ್ಳುನೀರು ಬಿಡದ ಹಮ್ಮಣ್ಣ

ಒಂದಾನೊಂದು ಕಾಲದಲ್ಲಿ, ಸಮುದ್ರ ಇನ್ನೂ ಊರ ಹತ್ತಿರವೇ ಇದ್ದ ಕಾಲದಲ್ಲಿ, ಹಿನ್ನೀರಿನ ಪಕ್ಕ ಒಂದು ಉಪ್ಪಿನಾಗರ ಇತ್ತಂತೆ. ಅಲ್ಲಿ ಹಮ್ಮಣ್ಣ ಅಂತ ಒಬ್ಬ. ಉಪ್ಪು ಬೆಳೆಯೋನು. ಹೂಂ ಅನ್ನು ಮಗಾ, ಹೂಂ ಅನ್ನದಿದ್ರೆ ಕತೆಗೆ ಕಾಲು ಬರೋದಿಲ್ಲ.

ಹಮ್ಮಣ್ಣನಿಗೆ ಮೂರು ಮಕ್ಕಳಂತೆ. ದೊಡ್ಡವನು ಬೊಮ್ಮಯ್ಯ, ನಡುವಿನವನು ಮಾಸ್ತಿ, ಕೊನೆಯವಳು ಹೊನ್ನಿ. ಗಂಡುಮಕ್ಕಳು ಅಪ್ಪನ ಜೊತೆ ಬಿಸಿಲಲ್ಲಿ ನಿಂತು ಉಪ್ಪು ಎಳೆಯೋರು, ಹೊನ್ನಿ ಬುಟ್ಟಿ ಹೊರೋಳು, ಹೆಂಡತಿ ಸಣ್ಣಮ್ಮ ಗಂಜಿ ತರೋಳು. ಹೀಗಿರಬೇಕಾದ್ರೆ ಒಂದು ಮಳೆಗಾಲ ಸಣ್ಣಮ್ಮನಿಗೆ ಜ್ವರ ಬಂತು. ಹೋದಳು.

ಹಮ್ಮಣ್ಣ ಹೊಳೆಗೆ ಇಳಿದು, ಅಂಗೈಯಲ್ಲಿ ಕರಿ ಎಳ್ಳು ಹಿಡಿದು, ಅವಳ ಹೆಸರು ಹೇಳಿ ನೀರು ಬಿಟ್ಟನಂತೆ. ಎಳ್ಳು ನೀರಿನ ಜೊತೆ ಹೋಯಿತು. ಮನೆಗೆ ಬಂದ. ಬಿಡೋ ತನಕ, ಹೆಂಡತಿ ಎಲ್ಲೋ ಹೋಗಿದ್ದಾಳೆ, ಬರ್ತಾಳೆ ಅಂತ ಒಳಗೊಳಗೆ ಅನ್ನಿಸ್ತಿತ್ತು. ಬಿಟ್ಟ ಮೇಲೆ ಅದೂ ಇಲ್ಲ. ಎಳ್ಳುನೀರು ಅಂದ್ರೆ ಏನು ಅಂತ ಅವನಿಗೆ ಅವತ್ತು ಗೊತ್ತಾಯಿತಂತೆ.

ಆಮೇಲೆ ಆ ಮನೆಯಲ್ಲಿ ಮಾತು ನಿಂತುಹೋಯಿತು. ಹೊನ್ನಿಗೆ ಉಸಿರು ಕಟ್ಟಿದ ಹಾಗೆ ಆಯಿತು. ಆಗರದ ಆಚೆ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಪಂಥದವರು ಇದ್ದರಂತೆ. ಊರವರು ಅವರಿಗೆ ಸಪ್ಪೆಯವರು ಅಂತ ಹೆಸರಿಟ್ಟಿದ್ದರು, ಯಾಕಂದ್ರೆ ಅವರು ಉಪ್ಪು ಮುಟ್ಟೋದಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ಮೀನಂತೂ ಇಲ್ಲವೇ ಇಲ್ಲ. ಕನ್ನಡಿ ನೋಡೋ ಹಾಗಿಲ್ಲ, ಹೂ ಮುಡಿಯೋ ಹಾಗಿಲ್ಲ, ಹುಟ್ಟಿದ ಮನೆಯ ಹೆಸರು ಎತ್ತೋ ಹಾಗಿಲ್ಲ. ಆದ್ರೆ ಸಂಜೆಯಾದ್ರೆ ಎಲ್ಲರೂ ಕೂತು ಹಾಡೋರು. ಆ ಹಾಡು ಗಾಳಿ ಹಿಡಿದು ಆಗರದ ತನಕ ಬರೋದು. ಹೊನ್ನಿ ಬುಟ್ಟಿ ಕೆಳಗಿಟ್ಟು ಕೇಳೋಳು. ಒಂದು ದಿನ ಹಾಗೆ ಕೇಳ್ತಾ ಕೇಳ್ತಾ ಬುಟ್ಟಿ ಅಲ್ಲೇ ಬಿಟ್ಟು ಗುಡ್ಡ ಹತ್ತಿದಳಂತೆ.

ತಿರುಗಿ ಬಂದವಳು, ಅಪ್ಪಾ, ನಾನು ಇನ್ನು ಗುಡ್ಡದವರ ಜೊತೆ ಇರ್ತೇನೆ ಅಂದಳಂತೆ.

ಬೊಮ್ಮಯ್ಯ ನಕ್ಕುಬಿಟ್ಟ. ಉಪ್ಪಾಗರದವನ ಮಗಳು ಸಪ್ಪೆ ತಿಂತಾಳಂತೆ, ನಾಳೆ ಮೀನು ಈಜೋದು ಬಿಡ್ತದಂತೆ ಅಂದ.

ಹಮ್ಮಣ್ಣ ನಗಲಿಲ್ಲ. ಅಲ್ಲಿ ಏನಿದೆ ಕೂಸೇ ಅಂತ ಕೇಳಿದ.

ಅಲ್ಲಿ ಕೂತ್ರೆ ಎದೆ ಹಗುರಾಗ್ತದೆ ಅಂದಳು ಹೊನ್ನಿ. ಇಲ್ಲಿ ಒಲೆ ನೋಡಿದ್ರೆ ಅವ್ವ ಕಾಣ್ತಾಳೆ.

ನನಗೂ ಕಾಣ್ತಾಳೆ, ನಾನು ಎಲ್ಲಿಗೆ ಹೋಗ್ಲಿ ಅಂದನಂತೆ ಹಮ್ಮಣ್ಣ. ಬೇಡ ಅಂದ. ಬೈದ. ಕೊನೆಗೆ ಬಾಗಿಲಿಗೆ ಅಡ್ಡ ಕಾಲು ಚಾಚಿ ಕೂತ. ನಾನು ಕೇಳ್ತಾ ಇಲ್ಲಪ್ಪಾ, ಹೇಳ್ತಾ ಇದ್ದೇನೆ ಅಂತ ಹೊನ್ನಿ ಆ ಕಾಲು ದಾಟಿಕೊಂಡೇ ಹೋದಳಂತೆ. ಅವನ ಮಗಳೇ ತಾನೆ, ಹಟ ಬೇರೆ ಎಲ್ಲಿಂದ ಬರ್ಬೇಕು.

ಗುಡ್ಡದವರಿಗೆ ಒಬ್ಬ ದೊಡ್ಡಯ್ಯ. ಕೆಟ್ಟವನೇನಲ್ಲ, ಆದ್ರೆ ಕಟ್ಟಳೆ ಅಂದ್ರೆ ಕಟ್ಟಳೆ. ಗುಡ್ಡ ಸೇರಿದವರು ಮನೆಯವರ ಪಾಲಿಗೆ ಸತ್ತ ಹಾಗೆ. ಅದಕ್ಕೆ ಅಪ್ಪನಾದವನು ಗುಡ್ಡದ ಕೆರೆಯಲ್ಲಿ ನಿಂತು, ಮಗಳ ಹೆಸರು ಹೇಳಿ ಎಳ್ಳುನೀರು ಬಿಡಬೇಕು. ಆಮೇಲೇ ಅವಳಿಗೆ ಹೊಸ ಹೆಸರು, ಒಳಚಾವಡಿಯಲ್ಲಿ ಜಾಗ. ಅಲ್ಲಿ ತನಕ ಹೊರಜಗಲಿ. ಹಾಡು ಕೇಳ್ಬಹುದು, ಹಾಡೋ ಹಾಗಿಲ್ಲ. ಹೀಗೆ ಅಂತ ಹಮ್ಮಣ್ಣನಿಗೆ ಹೇಳಿ ಕಳಿಸಿದರು. ಬಿಡೋದಿಲ್ಲ ಅಂದನಂತೆ ಹಮ್ಮಣ್ಣ.

ಮೊದಲು ಗಂಡುಮಕ್ಕಳು ಬಂದು ಎದುರಿಗೆ ಕೂತರಂತೆ. ಮಾಸ್ತಿಗೆ ಹೆಣ್ಣು ನೋಡ್ತಾ ಇದ್ದ ಕಾಲ ಅದು. ಅಪ್ಪಾ, ಹೆಣ್ಣಿನ ಕಡೆಯವರು ತಂಗಿ ಇದ್ದಾಳಾ ಅಂತ ಕೇಳ್ತಾರೆ, ಏನು ಹೇಳ್ಲಿ ಅಂದ ಮಾಸ್ತಿ.

ಇದ್ದಾಳೆ ಅನ್ನು.

ಎಲ್ಲಿ ಅಂದ್ರೆ?

ಗುಡ್ಡದಲ್ಲಿ ಅನ್ನು.

ಗುಡ್ಡ ಹತ್ತಿದೋರು ಸತ್ತೋರ ಲೆಕ್ಕ ಅಪ್ಪಾ.

ಅವರ ಲೆಕ್ಕ ಅವರಿಗೆ ಅಂದ ಹಮ್ಮಣ್ಣ.

ಬೊಮ್ಮಯ್ಯನಿಗೆ ಸಿಟ್ಟು ಬಂತು. ನೀನು ಬಿಡದಿದ್ರೆ ಬೇಡ, ನಾನೇ ಬಿಡ್ತೇನೆ ಅಂದ. ಹಮ್ಮಣ್ಣ ನಿಧಾನಕ್ಕೆ ತಲೆ ಎತ್ತಿದನಂತೆ. ಅಪ್ಪ ಬದುಕಿರುವಾಗ ಮಗ ಎಳ್ಳು ಮುಟ್ಟೋ ಹಾಗಿಲ್ಲ ಬೊಮ್ಮಯ್ಯಾ. ಮುಟ್ಟಬೇಕು ಅಂತ ಆಸೆ ಇದ್ರೆ ಮೊದಲು ನನ್ನ ಹೊತ್ಕೊಂಡು ಹೋಗು ಅಂದ. ಬೊಮ್ಮಯ್ಯ ಎದ್ದು ಹೊರಗೆ ಹೋದ.

ಆಮೇಲೆ ಗುಡ್ಡದಿಂದ ಇಬ್ಬರು ಹಿರಿಯರು ಇಳಿದು ಬಂದರಂತೆ. ಕಾಲಿಗೆ ಉಪ್ಪು ತಾಗಬಾರದಲ್ಲ, ಅದಕ್ಕೆ ಬದುವಿನ ಮೇಲೆ ತುದಿಗಾಲಲ್ಲಿ, ಕೊಕ್ಕರೆ ಹಾಗೆ ನಡ್ಕೊಂಡು ಬಂದರು. ಹಮ್ಮಣ್ಣ ಉಪ್ಪು ಎಳೀತಾ ಇದ್ದ, ನಿಲ್ಲಿಸಲಿಲ್ಲ. ಮೋಹ ಅನ್ನೋದು ನೀರಿಗೆ ಬಿದ್ದ ಉಪ್ಪಿನ ಹಾಗೆ ಕರಗಬೇಕು ಹಮ್ಮಣ್ಣಾ ಅಂದರು ಅವರು. ನಿಮ್ಮದು ಕರಗಲಿ ಬಿಡಿ, ನನ್ನ ಕಸುಬು ಗಟ್ಟಿ ಮಾಡೋದು ಅಂದನಂತೆ ಹಮ್ಮಣ್ಣ. ಆಗ ಅವರಲ್ಲಿ ಒಬ್ಬ, ನಿನ್ನ ಮಗಳು ಚಳಿಯಲ್ಲಿ ಹೊರಜಗಲಿಯಲ್ಲಿ ಮಲಗ್ತಾಳೆ, ಅದು ನಿನ್ನಿಂದ ಅಂದ. ಆ ಮಾತು ತಾಗಿತು. ಹಮ್ಮಣ್ಣ ಮನೆಗೆ ಹೋಗಿ ಕಂಬಳಿ ತಂದು ಅವರ ಹೆಗಲ ಮೇಲೆ ಹಾಕಿದನಂತೆ. ಇದನ್ನು ಕೊಡಿ. ನೀರು ಮಾತ್ರ ಬಿಡೋದಿಲ್ಲ.

ನಿದ್ದೆ ಬಂತಾ ಮಗಾ? ಇಲ್ಲ ತಾನೆ. ಮೂರನೇ ಸಲ ಹೊನ್ನಿಯೇ ಬಂದಳಂತೆ. ಅಂಗಳಕ್ಕೆ ಕಾಲಿಡಲಿಲ್ಲ, ಬೇಲಿಯ ಆಚೆ ನಿಂತಳು. ಬಡವಾಗಿದ್ದಳು. ಒಳಗೆ ಬಾ ಕೂಸೇ ಅನ್ನಬೇಕು ಅಂತಿದ್ದ ಹಮ್ಮಣ್ಣ, ಆದ್ರೆ ಬಾಯಲ್ಲಿ ಬಂದದ್ದು ಬೇರೆ. ಏನು, ಸಪ್ಪೆ ಗಂಜಿ ಮೈಗೆ ಹತ್ತಲಿಲ್ವಾ ಅಂದನಂತೆ.

ನೀರು ಬಿಡಪ್ಪಾ ಅಂದಳು. ಎಲ್ಲರೂ ಒಳಗೆ ಹಾಡ್ತಾರೆ, ನಾನು ಹೊರಗೆ ನಾಯಿ ಹಾಗೆ ಕೂತಿರ್ತೇನೆ.

ಮನೆಗೆ ಬಾ.

ಬರೋದಿಲ್ಲ.

ಹಾಗಾದ್ರೆ ಕೂತಿರು ಅಂದ ಹಮ್ಮಣ್ಣ.

ನಾನಂದ್ರೆ ನಿನಗೆ ಅಕ್ಕರೆ ಇದ್ದಿದ್ರೆ ಇಷ್ಟು ಹೊತ್ತಿಗೆ ಬಿಟ್ಟಿರ್ತಿದ್ದೆ ಅಂದಳು ಹೊನ್ನಿ.

ಹಮ್ಮಣ್ಣ ಬೇಲಿಯ ಹತ್ತಿರ ಬಂದ. ಗುಡ್ಡದಲ್ಲಿ ಇರು ಅಂದ. ಸಪ್ಪೆ ತಿನ್ನು. ತಲೆ ಬೋಳಿಸ್ಕೋ. ಅದಕ್ಕೆಲ್ಲ ಅಡ್ಡ ಬಂದು ಸೋತೆ, ಇನ್ನು ಬರೋದಿಲ್ಲ. ನನ್ನ ಕೈಯಾರೆ ನಿನ್ನ ಸಾಯಿಸು ಅಂತ ಮಾತ್ರ ಕೇಳ್ಬೇಡ.

ಅವ್ವನಿಗೆ ಬಿಟ್ಟೆಯಲ್ಲ?

ಅವ್ವ ಸತ್ತಿದ್ದಳು ಅಂದನಂತೆ ಹಮ್ಮಣ್ಣ.

ಹೊನ್ನಿ ತಿರುಗಿ ಹೋದಳು. ಬರುವಾಗ ಇದ್ದ ಸಿಟ್ಟು ಹೋಗುವಾಗ ಎರಡರಷ್ಟಾಗಿತ್ತಂತೆ.

ಆಮೇಲೆ ದೊಡ್ಡಯ್ಯನಿಗೆ ಸಾಕಾಯಿತು. ಅಮಾವಾಸ್ಯೆ ದಿನ ಬೆಳಿಗ್ಗೆ ಕೆರೆಗೆ ಬಾ, ಬಿಡ್ತೀಯೋ ಇಲ್ಲವೋ ಎಲ್ಲರೆದುರು ಇತ್ಯರ್ಥ ಆಗಲಿ ಅಂತ ಹೇಳಿ ಕಳಿಸಿದ. ಹಮ್ಮಣ್ಣ ಹೋದ. ಗಂಡುಮಕ್ಕಳೂ ಹಿಂದೆಯೇ ಹೋದರು. ಗುಡ್ಡದವರೆಲ್ಲ ಕೆರೆ ಸುತ್ತ ನಿಂತಿದ್ದರಂತೆ. ಹೊನ್ನಿ ಬೂದಿ ಬಣ್ಣದ ಸೀರೆ ಉಟ್ಟು ದಂಡೆಯಲ್ಲಿ ನಿಂತಿದ್ದಳು. ದೊಡ್ಡಯ್ಯ ಹಮ್ಮಣ್ಣನನ್ನು ಮೊಣಕಾಲುದ್ದ ನೀರಿಗೆ ಇಳಿಸಿ, ಅಂಗೈಗೆ ಒಂದು ಹಿಡಿ ಎಳ್ಳು ಹಾಕಿ, ಹೆಸರು ಹೇಳು ಅಂದ.

ಹಮ್ಮಣ್ಣ ಎಳ್ಳನ್ನೇ ನೋಡಿದ. ಆಮೇಲೆ ಕೈಯೆತ್ತಿ ಅಷ್ಟೂ ಎಳ್ಳನ್ನು ಬಾಯಿಗೆ ಹಾಕಿಕೊಂಡು ಕರಕರ ಅಗಿಯತೊಡಗಿದನಂತೆ.

ಕೆರೆ ಸುತ್ತ ಇದ್ದವರೆಲ್ಲ ಶಿವಶಿವಾ ಅಂದರು. ಅದು ಸತ್ತವರ ಪಾಲು ಮಾರಾಯಾ, ಏನು ಮಾಡ್ದೆ ಅಂದ ದೊಡ್ಡಯ್ಯ.

ನಿಮಗೆ ಯಾರಾದ್ರೂ ಒಬ್ಬರು ಸಾಯಲೇಬೇಕಲ್ಲ ಅಂದ ಹಮ್ಮಣ್ಣ, ಬಾಯಿ ತುಂಬ ಎಳ್ಳು ಇಟ್ಕೊಂಡು. ನಾನೇ ಸತ್ತೆ ಅಂತ ಇಟ್ಕೊಳ್ಳಿ. ಅವಳೇ ನನಗೆ ಬಿಡಲಿ. ಮಕ್ಕಳು ಅಪ್ಪನಿಗೆ ಬಿಡೋದು ಲೋಕದಲ್ಲಿ ಇದೆ. ಅಪ್ಪ ಮಕ್ಕಳಿಗೆ ಬಿಡೋ ಕಷ್ಟ ಹಗೆಗೂ ಬೇಡ.

ದೊಡ್ಡಯ್ಯ ಯೋಚನೆ ಮಾಡಿದನಂತೆ. ಹಗ್ಗ ಯಾವ ಕಡೆಯಿಂದ ಕಡಿದರೂ ಕಡಿದ ಹಾಗೇ, ನಮ್ಮಲ್ಲಿ ಗಂಡು ಹೆಣ್ಣು ಅಂತ ಭೇದವೂ ಇಲ್ಲ, ಬಾರಮ್ಮಾ, ನೀನೇ ಬಿಡು ಅಂತ ಹೊನ್ನಿಯ ಕೈಗೆ ಎಳ್ಳು ಹಾಕಿದ.

ಹೊನ್ನಿ ನೀರಿಗೆ ಇಳಿದಳು. ಎದುರಿಗೆ ಅಪ್ಪ. ಕೈ ಕಟ್ಟಿಕೊಂಡು ನಿಂತಿದ್ದಾನೆ. ಮೀಸೆಗೆ ಎಳ್ಳು ಮೆತ್ತಿದೆ. ಹಲ್ಲಿನ ಸಂದಿಗೆ ಸಿಕ್ಕಿದ್ದನ್ನು ನಾಲಿಗೆಯಲ್ಲಿ ತೆಗೀತಾ ಇದ್ದಾನೆ. ನನ್ನ ಕೈಲಿ ಆಗಲಿಲ್ಲ ಕೂಸೇ, ನಿನ್ನ ಕೈಲಿ ಆಗೋದಾದ್ರೆ ಬಿಡು, ನಾನು ಬೈಯೋದಿಲ್ಲ ಅಂದನಂತೆ.

ಹೆಸರು ಹೇಳಬೇಕು, ಕೈ ಬಗ್ಗಿಸಬೇಕು, ಅಷ್ಟೇ ಕೆಲಸ. ಹೊನ್ನಿಗೆ ಹೆಸರು ಗಂಟಲ ತನಕ ಬಂತು, ಮೇಲೆ ಬರಲಿಲ್ಲ. ಕೈ ಬಗ್ಗಲಿಲ್ಲ. ಅಪ್ಪ ಇಷ್ಟು ದಿನ ಏನನ್ನು ಬೇಡ ಬೇಡ ಅಂತಿದ್ದ ಅಂತ ಆ ಅಂಗೈಯ ಭಾರದಲ್ಲಿ ತಿಳೀತಂತೆ. ಅವಳು ಎಳ್ಳನ್ನು ತಂದು ದೊಡ್ಡಯ್ಯನ ಕೈಗೇ ಸುರಿದಳು. ಇವನು ಸತ್ತಿಲ್ಲ ಅಯ್ಯಾ, ಅಗೀತಾ ಇದ್ದಾನೆ ಅಂದಳು.

ಹಾಗಾದ್ರೆ ಮನೆಗೆ ಹೋಗಮ್ಮಾ ಅಂದ ದೊಡ್ಡಯ್ಯ.

ಹೋಗೋದಿಲ್ಲ ಅಂದಳು ಹೊನ್ನಿ. ನನಗೆ ಹಾಡೂ ಬೇಕು, ಅಪ್ಪನೂ ಬೇಕು. ಉಪ್ಪು ಬಿಡು ಅಂದ್ರಿ, ಬಿಟ್ಟೆ. ಹೂ ಬಿಡು ಅಂದ್ರಿ, ಬಿಟ್ಟೆ. ಇವನನ್ನು ಬಿಡೋದಿಲ್ಲ. ಎಬ್ಬಿಸೋ ತಾಕತ್ತಿದ್ದೋರು ಬಂದು ಎಬ್ಬಿಸಿ ಅಂತ ಕೆರೆಯ ಮೆಟ್ಟಿಲ ಮೇಲೆ ಕೂತಳಂತೆ. ಹಮ್ಮಣ್ಣ ಬಂದು ಪಕ್ಕದಲ್ಲಿ ಕೂತ. ಮಾಸ್ತಿಯೂ ಕೂತ. ಈ ಮನೆಯಲ್ಲಿ ಬುದ್ಧಿ ಇರೋನು ನಾನೊಬ್ಬನೇ ಅಂತ ಗೊಣಗಿ ಬೊಮ್ಮಯ್ಯನೂ ಕೂತನಂತೆ.

ಯಾರೂ ಎಬ್ಬಿಸಲಿಲ್ಲ. ಹೊತ್ತು ಏರಿತು. ಆಗ ಗುಡ್ಡದವರಲ್ಲೇ ಒಬ್ಬ ಮುದುಕಿ ಮುಂದೆ ಬಂದಳಂತೆ. ಅಯ್ಯಾ, ನನ್ನ ಅಪ್ಪ ನನಗೆ ನೀರು ಬಿಟ್ಟು ಯಾವ ಕಾಲವಾಯ್ತೋ, ನನಗೊಬ್ಬ ತಮ್ಮ ಇದ್ದ, ಇದ್ದಾನೋ ಇಲ್ಲವೋ ನೋಡಿ ಬರ್ಲಾ ಅಂದಳು. ದೊಡ್ಡಯ್ಯ ಕೈಯಲ್ಲಿದ್ದ ಎಳ್ಳು ನೋಡಿದ. ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಅಷ್ಟು ಸಾಕಾಯಿತು, ಮುದುಕಿ ಸೆರಗು ಸಿಕ್ಕಿಸಿಕೊಂಡು ಗುಡ್ಡ ಇಳಿದೇ ಬಿಟ್ಟಳಂತೆ. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬಳು. ಅವತ್ತು ಸುತ್ತಲ ಊರುಗಳಲ್ಲಿ ಸತ್ತವರೆಲ್ಲ ಮಧ್ಯಾಹ್ನದ ಊಟಕ್ಕೆ ಬಂದು ಬಾಗಿಲು ತಟ್ಟಿದರಂತೆ. ಮುದುಕಿಯ ತಮ್ಮ ಅಕ್ಕನನ್ನು ನೋಡಿ, ಇಷ್ಟು ತಡವಾಗಿ ಬಂದ್ರೆ ಸಾರು ಎಲ್ಲಿ ಉಳೀತದೆ ಅಂತ ಬೈದು, ಆಮೇಲೆ ಅತ್ತನಂತೆ.

ಆ ಗುಡ್ಡದಲ್ಲಿ ಮತ್ತೆ ಯಾರೂ ಬದುಕಿರೋರಿಗೆ ಎಳ್ಳುನೀರು ಕೇಳಲಿಲ್ಲ. ಹೊನ್ನಿಗೆ ಒಳಚಾವಡಿಯಲ್ಲಿ ಜಾಗ ಸಿಕ್ಕಿತು, ಹೊನ್ನಿ ಅನ್ನೋ ಹೆಸರಿನಲ್ಲೇ. ಸಪ್ಪೆ ತಿನ್ನೋದು ಬಿಡಲಿಲ್ಲ ಅವಳು. ಬೇಕಾದಾಗ ಗುಡ್ಡ ಇಳಿದು ಮನೆಗೆ ಬರೋಳು. ಹಮ್ಮಣ್ಣ ಗಂಜಿ ಬೇಯಿಸಿ, ಅವಳ ಪಾಲು ಬೇರೆ ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕೋನು. ಒಂದು ಕಲ್ಲು ಹಾಕ್ಲಾ ಅಂತ ಪ್ರತಿ ಸಲ ಕೇಳೋನು. ಬೇಡಪ್ಪಾ ಅನ್ನೋಳು. ನಿನ್ನ ಕರ್ಮ ಅಂತ ಅವನು ತನ್ನ ಬಟ್ಟಲಿಗೆ ಇನ್ನೊಂದು ಕಲ್ಲು ಹಾಕ್ಕೊಳ್ಳೋನಂತೆ.

ಅಪ್ಪ ಮಗಳು ಉಂಡು ಕೈ ತೊಳೆದರು, ಇಲ್ಲಿಗೆ ಕತೆಯೂ ಮುಗೀತು. ಇನ್ನು ಕಣ್ಣು ಮುಚ್ಚು.